ಬಿಳಿಸೆರಗಿಗೆ ನೇರಳೆ ಬಣ್ಣ

ಹೆಂಗಸರ ಡಾಕ್ಟರಾಗಿ ಹಾಸನದ ಸುತ್ತಮುತ್ತ ವರ್ಗವಾಗುತ್ತಾ ತಿರುಗಿದವಳು ನಾನು. ಐವತ್ತು, ಅರವತ್ತರ ದಶಕದ ಮಾತು. ಯಾವ ಊರಿಗೆ ಹೋದರೂ ಬಿಳಿಸೆರಗು, ತುರಿಕೆ, ಉರಿ ತಪ್ಪುತ್ತಿರಲಿಲ್ಲ. ವಾಸಿಯಾಯಿತು ಅನ್ನುವಷ್ಟರಲ್ಲಿ ಮತ್ತೆ ಹಾಜರ್. ಜೊತೆಗೆ ಗಂಡನೋ ಅತ್ತೆಯೋ ಹಾಜರ್. ರೋಗಕ್ಕಾದರೆ ಔಷಧಿ ಇತ್ತು.

ಮೇಷ್ಟ್ರ ವಿವರಣೆ

ಹೊಳೆನರಸೀಪುರದಲ್ಲಿ ಒಬ್ಬ ಮೇಷ್ಟ್ರು ಹೆಂಡತಿಯನ್ನು ಕರೆತಂದರು.

"ಯಾವಾಗಿಂದಮ್ಮ?" ಅಂತ ಆಕೆಯನ್ನು ಕೇಳಿದೆ.

"ಗೌರಿ ಹಬ್ಬದಿಂದೀಚೆಗೆ," ಅಂದರು ಮೇಷ್ಟ್ರು.

"ಉರಿ ಇದೆಯಾ?"

"ಉರಿ ಕಮ್ಮಿ, ತುರಿಕೆ ಜಾಸ್ತಿ." ಅದೂ ಮೇಷ್ಟ್ರೇ. "ಅವಳಿಗೆ ಸಂಕೋಚ. ಸರಿಯಾಗಿ ವಿವರಿಸೋಕೆ ಬರಲ್ಲ."

ನಾನು ಪರದೆ ಸರಿಸಿ ಮಂಚ ತೋರಿಸಿದೆ. "ಹಾಗಾದರೆ ನೀವೇ ಹತ್ತಿ ಮಲಗಿ ಮೇಷ್ಟ್ರೇ. ಪರೀಕ್ಷೆಯನ್ನೂ ನಿಮಗೇ ಮಾಡಿಬಿಡ್ತೀನಿ."

ಮೇಷ್ಟ್ರು ವರಾಂಡಕ್ಕೆ ಓಡಿದರು. ಆಮೇಲೆ ಆಕೆ ಬಾಯಿ ಬಿಟ್ಟಳು ನೋಡಿ, ಸಂಕೋಚಪಟ್ಟವಳು ನಾನು.

ಕೊಟ್ಟಿಗೆಯ ಫಿನಾಯಿಲು

ಅರಕಲಗೂಡಿನ ಹತ್ತಿರದ ದೊಡ್ಡ ಜಮೀನುದಾರರ ಸೊಸೆ. ಎಷ್ಟು ಔಷಧಿ ಕೊಟ್ಟರೂ ಹುಡುಗಿಗೆ ಗುಣವಿಲ್ಲ. ಕೆದಕಿ ಕೇಳಿದರೆ, ಅತ್ತೆ ದಿನಾ ಫಿನಾಯಿಲ್ ಬೆರೆಸಿದ ನೀರಲ್ಲಿ ತೊಳೆಸುತ್ತಿದ್ದಾರೆ! ಒಳಗೆಲ್ಲ ಬೆಂದುಹೋಗಿತ್ತು.

"ಕೊಟ್ಟಿಗೆ ಗಬ್ಬೇ ಓಯ್ತದೆ, ಇದೋಗಕಿಲ್ವಾ?" ಅಂತ ಅತ್ತೆ.

ನನಗೆ ಮೈಯೆಲ್ಲ ಉರಿಯಿತು. ಆದರೂ ತಡೆದುಕೊಂಡು, "ನೋಡಮ್ಮ, ಹಾಲಿಗೆ ಹೆಪ್ಪು ಇದ್ದ ಹಾಗೆ ಅಲ್ಲೂ ಒಳ್ಳೆ ಹುಳ ಇರ್ತವೆ. ಕೆಟ್ಟ ಹುಳ ಬರದ ಹಾಗೆ ಕಾಯೋದೇ ಅವು. ನೀವು ಅವನ್ನೇ ಸಾಯಿಸ್ತಿದ್ದೀರಿ. ಬರೀ ನೀರು ಸಾಕು," ಅಂದೆ.

ಮುಂದಿನ ಸಲ ಬಂದಾಗ ಸೊಸೆಯ ಮುಖ ಗೆಲುವಾಗಿತ್ತು. ಅತ್ತೆಯದು ಇನ್ನೂ ಗೆಲುವು.

"ನೀವ್ ಏಳ್ದಂಗೆ ನಿಲ್ಲುಸ್ಬುಟ್ಟೆ ಕಣವ್ವಾ. ಕೊಟ್ಟಿಗೇಗೂ ನಿಲ್ಲುಸ್ಬುಟ್ಟೆ. ಅಲ್ಲೂ ಒಳ್ಳೆ ಉಳ ಇದ್ದಾವು ಅಂತ!"

ಮಂಡಿಯಲ್ಲಿ ಮಲಗಿದವನು

ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿದ್ದ ಒಬ್ಬ ವ್ಯಾಪಾರಿ. ಹೆಂಡತಿಗೆ ರೋಗ ಮರುಕಳಿಸುತ್ತಲೇ ಇತ್ತು. "ಈ ಸಲ ವಾಸಿ ಆಗ್ನಿಲ್ಲ ಅಂದ್ರೆ ಇನ್ನೊಂದ್ ಮದ್ವೆ ಆಯ್ತೀನಿ," ಅಂತ ಅವಳ ಎದುರಿಗೇ ಅಂದ. ಅವಳು ನೆಲ ನೋಡುತ್ತಾ ಕೂತಿದ್ದಳು.

"ನಿಮಗೂ ಇರಬಹುದು. ನೀವೂ ಔಷಧಿ ಹಚ್ಚಿಕೊಳ್ಳಿ," ಅಂದೆ.

"ಗಂಡಸ್ಗ್ಯಾಕವ್ವಾ ಎಂಗಸ್ರ ಮದ್ದು?"

"ಬೇಡವಾದರೆ ವಾಸಿಯಾಗೋವರೆಗೂ ದೂರ ಇರಿ."

"ಮಂಡೀಲೇ ಮಲೀಕತೀನಿ. ದೇವ್ರಾಣೆ!"

ಅವಳಿಗೆ ಒಳಗೆ ನೇರಳೆ ಬಣ್ಣದ ಔಷಧಿ ಹಚ್ಚಲು ಶುರುಮಾಡಿದೆವು. ಆ ಕಾಲಕ್ಕೆ ಇದ್ದದ್ದು ಅದೇ. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ, ಸುಲಭಕ್ಕೆ ಹೋಗುವುದಿಲ್ಲ.

ವಾರ ಕಳೆದಿರಲಿಲ್ಲ. ಬೆಳಗ್ಗೆ ಬಾಗಿಲು ತೆಗೆಯುವಾಗಲೇ ಗಂಡ ನಿಂತಿದ್ದಾನೆ, ಬೆವೆತುಕೊಂಡು. ಹಿಂದೆ ಹೆಂಡತಿ.

"ಡಾಕ್ಟ್ರವ್ವಾ, ನಂಗೇನೋ ದೊಡ್ ಕಾಯ್ಲೆ ಬಂದ್ಬುಟ್ಟದೆ. ನೇರಳೆ ಅಣ್ಣಿನಂಗೆ ಆಗೋಗದೆ! ಕೊಳ್ತೋಯ್ತದಾ?"

ನಗು ನುಂಗಿಕೊಂಡು ಕೇಳಿದೆ. "ಎಲ್ಲಿ ಮಲಗ್ತಿದ್ದಿರಿ?"

"ಮಂಡೀಲೇ ಕಣವ್ವಾ!"

ಅಷ್ಟು ದಿನ ನನ್ನ ಮುಂದೆ ತಲೆಯೆತ್ತದ ಹೆಂಡತಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

"ನೀವೇನೂ ಯೋಚ್ನೆ ಮಾಡ್ಬ್ಯಾಡಿ ಕಣವ್ವಾ," ಅಂದಳು. "ಎಂಗಸ್ರ ಮದ್ದು ಬ್ಯಾಡ ಅಂದಿದ್ರಲ್ಲ, ಈಗ ಅವ್ರೇ ಬಂದು ಅಚ್ಕಂಡ್ ಓಗವ್ರೆ!"