ಮುಷ್ಟಿ ಕಂಡ ಕ್ಯಾಮೆರಾ

"ಇನ್ಮೇಲೆ ಈ ಬಾಗಿಲಿಗೆ ಸೊಳ್ಳೆ ಬಂದ್ರೂ ಮುಖ ತೋರಿಸಿ ಬರ್ಬೇಕು!"

ಗರುಡಾಚಾರ್‌ಪಾಳ್ಯದ ಓಣಿಯಲ್ಲಿ ಏಣಿ ಮೇಲೆ ನಿಂತು ಸಂಜೀವಪ್ಪ ಘೋಷಿಸಿದ. ಕಂಡ ಕಂಡ ಧರಣಿಯಲ್ಲೆಲ್ಲ ಪೊಲೀಸ್ ಕ್ಯಾಮೆರಾಗೆ ಧಿಕ್ಕಾರ ಕೂಗಿ ಗಂಟಲು ಹರಿದುಕೊಂಡ ಮನುಷ್ಯ! ಹೊಸ್ತಿಲಲ್ಲಿ ಬಿಟ್ಟ ಚಪ್ಪಲಿ ಮೇಲಿಂದ ಮೇಲೆ ಮಾಯವಾಗಿದ್ದೇ ತಡ, ತಾನೇ ಒಂದು ಕ್ಯಾಮೆರಾ ತಂದು ಜಡಿದ. ಅದೂ ಸಾಮಾನ್ಯದ್ದಲ್ಲ, ಬುದ್ಧಿ ಇರೋದು.

"ಗಲಾಟೆ ಆಗೋಕೆ ಮುಂಚೇನೇ ಪತ್ತೆ ಹಚ್ಚಿ, ತಾನೇ ಠಾಣೆಗೆ ಸುದ್ದಿ ಮುಟ್ಟಿಸ್ತದೆ ಕಣೆ!"

"ನಮ್ಮಪ್ಪನ ಮನೇಲಿ ಇಂಥದ್ದು ಇದ್ದಿದ್ರೆ ನಾನು ಬಚಾವಾಗಿರ್ತಿದ್ದೆ," ಅಂದಳು ಹೆಂಡತಿ ಆದಿಲಕ್ಷ್ಮಿ.

ಭಾನುವಾರ ಸಂಜೆ ಮನೆಯಲ್ಲಿ ಗುಟ್ಟಿನ ಸಭೆ. ಪಕ್ಕದ ಕಂಪನಿಯವರು ಕಾರು ನಿಲ್ಲಿಸಲು ಜಾಗ ಸಾಲದೆ ಕೇರಿಯ ಸ್ಮಶಾನಕ್ಕೇ ಬೇಲಿ ಹಾಕಲು ಹೊರಟಿದ್ದರು. ಸಂಜೀವಪ್ಪನ ಅವ್ವ ಮಲಗಿರೋದು ಅಲ್ಲೇ. ಸೋಮವಾರ ಜೆಸಿಬಿ ಬರುವ ಮುನ್ನ ಹೋಗಿ ಅಡ್ಡ ಕೂರಬೇಕು. ಪೊಲೀಸರಿಗೆ ಸುಳಿವು ಸಿಗಬಾರದು!

ಶಿವಾಜಿನಗರದಿಂದ ಹಳೆ ಸಂಗಾತಿ ಅಸ್ಗರ್ ಬಂದ. ಚಪ್ಪಲಿ ಬಿಟ್ಟ, ಮುಷ್ಟಿ ಎತ್ತಿದ. "ಜೈ ಭೀಮ್!" ಸಂಜೀವಪ್ಪನೂ ಎತ್ತಿದ. "ಜೈ ಭೀಮ್!" ಹಿಂದೆ ಬಂದವರೆಲ್ಲ ಎತ್ತಿದರು.

"ಹಲ್ಲೆ ಸೂಚನೆ," ಅಂತು ಕ್ಯಾಮೆರಾ, ಲೋನ್ ಬೇಕಾ ಅಂತ ಫೋನ್ ಮಾಡೋ ಹುಡುಗಿಯ ದನಿಯಲ್ಲಿ. "ಗುಂಪು ಸೇರಿದೆ. ಮಾಹಿತಿ ರವಾನೆಯಾಗಿದೆ."

"ಅರೇ, ನಿನ್ನ ಮಿಷನ್ ಯಾವ ಜಾತೀದು ಗುರು?" ಅಸ್ಗರ್ ಬಿದ್ದು ಬಿದ್ದು ನಕ್ಕ.

ಮಿಷನ್ ಮಾತಿಗೆ ಯಾವ ಪೊಲೀಸ್ ಬರ್ತಾನೆ ಅಂತ ಎಲ್ಲರೂ ಕ್ಯಾಮೆರಾ ಕೆಳಗಿನ ಜಗಲಿ ಮೇಲೇ ಕೂತು ನಾಳಿನ ಮಾತು ಮುಗಿಸಿದರು. ಟೀಗಿಂತ ಮುಂಚೆ ಜೀಪು ಬಂತು.

"ಯಾರ್ರೀ ದೂರು ಕೊಟ್ಟಿದ್ದು?" ಗುಡುಗಿದ ಸಂಜೀವಪ್ಪ.

"ನೀವೇ ಸಾರ್!" ಎಸ್‌ಐ ಮೊಬೈಲ್ ತೋರಿಸಿದ. "ಎಲ್ಲರ ಮುಖ, ಸೌಂಡು, ನಾಳೆ ಎಲ್ಲಿ ಕೂರ್ತೀರಿ ಅನ್ನೋದು, ಎಲ್ಲಾ ಇದೆ. ನಮ್ಮ ಹುಡುಗ್ರೂ ಇಷ್ಟು ನೀಟಾಗಿ ಮಾಡಲ್ಲ!"

ಬರಿಗಾಲಲ್ಲೇ ಜೀಪು ಹತ್ತಿಸಿದರು. ಸೋಮವಾರ ಮಧ್ಯಾಹ್ನ ಬಿಟ್ಟಾಗ ಜೆಸಿಬಿ ಕೆಲಸ ಮುಗಿಸಿ ಹೋಗಿತ್ತು. ಸುತ್ತ ತಗಡಿನ ಬೇಲಿ. ಅವ್ವನ ಎದೆ ಮೇಲೆ ಆಗಲೇ ಒಂದು ಬಿಳಿ ಕಾರು.

ಮನೆಗೆ ಬಂದರೆ ಹೊಸ್ತಿಲಲ್ಲಿ ಒಂದು ಜೊತೆ ಚಪ್ಪಲಿಯೂ ಇಲ್ಲ.

"ನಾಯಿ ಕಣಯ್ಯ," ಅಂದಳು ಆದಿಲಕ್ಷ್ಮಿ. "ಎಲ್ಲಾ ವಿಡಿಯೋದಲ್ಲಿದೆ. ಒಂದೊಂದಾಗಿ ಕಚ್ಕೊಂಡು ಹೋಯ್ತು. ನಾಯಿ ಮೇಲೆ ಅದಕ್ಕೆ ಅನುಮಾನ ಬರಲ್ವಂತೆ."

"ಕಿತ್ತು ಬಿಸಾಕ್ತೀನಿ ಇದನ್ನ!" ಮುಷ್ಟಿ ಎತ್ತಿದ ಸಂಜೀವಪ್ಪ.

"ಹಲ್ಲೆ ಸೂಚನೆ," ಅಂತು ಕ್ಯಾಮೆರಾ.

"ಕಿತ್ರೆ ಸಾಕ್ಷಿ ನಾಶ ಅಂತ ಇನ್ನೊಂದು ಕೇಸು ಜಡೀತೀವಿ ಅಂತ ಪೊಲೀಸ್ನೋರು ಹೇಳೋಗವ್ರೆ. ಮೊದ್ಲು ಕೈ ಇಳಿಸು!"

ಯಾವ ಲಾಠಿಗೂ ಇಳಿಯದ ಕೈ ಮೆಲ್ಲಗೆ ಜೇಬು ಸೇರಿತು.

"ಮನೆಗೆ ಸ್ವಾಗತ, ಮಾಲೀಕರೇ," ಅಂತು ಕ್ಯಾಮೆರಾ.