ಹುಳು ಹಣ್ಣಾಗುವ ಸೋಮವಾರವೇ ನನ್ನ ಡ್ರಿಪ್

ಆಸ್ಪತ್ರೆಯ ವೇಳಾಪಟ್ಟಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ಸುಗಟೂರಿನ ರೇಷ್ಮೆ ಬೆಳೆಗಾರ್ತಿ ಮುನಿಲಕ್ಷ್ಮಿ, ಬಲಗೈ ಜೋಮು ಹಿಡಿದಿದ್ದರೂ ಎಡಗೈಯಿಂದ ಅದನ್ನು ಎತ್ತಿ ಜೋಡಿಸಿ ಸಲ್ಲಿಸುವ ನಮಸ್ಕಾರಗಳನ್ನು ಸ್ವೀಕರಿಸಬೇಕು.

ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರದ ಕಾಯಿಲೆಗೆ ನಾನು ಆರು ತಿಂಗಳಿಗೊಮ್ಮೆ ತಮ್ಮಲ್ಲಿ ಮಲಗಿ ಡ್ರಿಪ್ ಹಾಕಿಸಿಕೊಳ್ಳುವವಳು. ಈ ಸಲ ತಾವು ದೊಡ್ಡ ಮನಸ್ಸು ಮಾಡಿ, ಪ್ರತಿ ರೋಗಿಗೂ ಅವರವರ ಇಷ್ಟದಂತೆ ದಿನ ಗೊತ್ತುಮಾಡುವ ಯೋಜನೆ ತಂದಿರಿ. ತಮ್ಮ ವಿಭಾಗದ ಮೇಘನ ಎಂಬ ಹುಡುಗಿ ಫೋನ್ ಮಾಡಿ, ಕಿಟಕಿ ಪಕ್ಕದ ಹಾಸಿಗೆ ಬೇಕೇ, ಕಾಫಿಯೋ ಟೀಯೋ ಎಂದು ವಿಚಾರಿಸಿದಾಗ, ನನ್ನ ಮದುವೆಯಲ್ಲೂ ಯಾರೂ ಇಷ್ಟು ಕೇಳಿರಲಿಲ್ಲವಲ್ಲ ಎಂದು ಕಣ್ಣು ತುಂಬಿತು. ಹಾಸಿಗೆ ಯಾವುದಾದರೂ ಸರಿ, ನಮ್ಮ ರೇಷ್ಮೆ ಹುಳು ಹಣ್ಣಾಗುವ ಸೋಮವಾರ ಮಾತ್ರ ಬೇಡ, ಅಂದು ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರು ತಟ್ಟೆಗೆ ಬಿಡಬೇಕು, ಮನೆಯಲ್ಲಿ ನಾನೂ ನಮ್ಮತ್ತೆ ದೊಡ್ಡಗಂಗಮ್ಮನೂ ಇಬ್ಬರೇ ಎಂದೆ. ತಾವು ಸೋಮವಾರವನ್ನೇ ಕೊಟ್ಟಿರಿ. ಕಿಟಕಿಯನ್ನೂ ಕೊಟ್ಟಿರಿ.

ರಕ್ತ ಪರೀಕ್ಷೆಗೆ ಬಂದ ದಿನ, ಮುಳಬಾಗಿಲಿನ ಮಠದಲ್ಲಿ ಲೆಕ್ಕ ಬರೆಯುವ ನಂದಕಿಶೋರ್ ಅವರು ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತರು. ಅವರಿಗೂ ಇದೇ ಕಾಯಿಲೆ, ಇದೇ ಔಷಧ. ಕಾಲು ಸೋಲುತ್ತಿದೆ, ಆದಷ್ಟು ಬೇಗ ಕೊಡಿ ಎಂದು ಬೇಡಿಕೊಂಡಿದ್ದ ಅವರಿಗೆ ತಾವು ನನ್ನ ಸೋಮವಾರದ ಮುಂದಿನ ವಾರ ದಯಪಾಲಿಸಿದ್ದಿರಿ. ದಿನ ಅದಲುಬದಲು ಮಾಡಿದರೆ ತೊಂದರೆಯಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ಇಬ್ಬರೂ ಕೌಂಟರಿಗೆ ಹೋದೆವು. ಮೇಘನ ಕಂಪ್ಯೂಟರ್ ನೋಡಿ, “ಅದು ನಿಮಗೋಸ್ಕರಾನೇ ಮಾಡಿರೋ ದಿನ ಮೇಡಂ, ಬೇರೆಯವರಿಗೆ ಕೊಡೋಕಾಗಲ್ಲ” ಎಂದಳು. ಜಡೆ ಹೆಣೆದುಕೊಳ್ಳಲೂ ಇನ್ನೊಬ್ಬರನ್ನು ಕರೆಯಬೇಕಾದ ನನಗೆ, ಹೀಗೆ ಯಾರೂ ಮುಟ್ಟಲಾಗದ ಆಸ್ತಿಯೊಂದನ್ನು ಮಾಡಿಕೊಟ್ಟ ತಮಗೆ ಹೇಗೆ ಋಣಿಯಾಗಲಿ?

ಸೋಮವಾರ ನಾನು ಹುಳು ಆರಿಸುತ್ತಿದ್ದೆ. ನಂದಕಿಶೋರ್ ಅವರು ಧೈರ್ಯ ಮಾಡಿ ವಾರ್ಡಿನ ಬಾಗಿಲಲ್ಲಿ ನಿಂತರು. ಸಿಸ್ಟರ್ ಆದಿಲಕ್ಷ್ಮಿ ನನ್ನ ಬರಿದಾದ ಹಾಸಿಗೆಯನ್ನೂ ಅವರ ನಡುಗುವ ಕಾಲುಗಳನ್ನೂ ನೋಡಿ, ಡಾಕ್ಟರ ಸಹಿ ಪಡೆದು ಬಂದು, “ಮಲಕ್ಕೊಳಿ ಸಾರ್. ಖಾಲಿ ಬೆಡ್ಡಿಗೆ ನಾನೇನ್ ಡ್ರಿಪ್ ಹಾಕ್ಲಾ?” ಎಂದರಂತೆ. ಮರುವಾರ ಅವರ ಹಾಸಿಗೆಯಲ್ಲಿ ನಾನು ಮಲಗಿದೆ. ನಮ್ಮ ಗೂಡು ಗಟ್ಟಿಯಾಗಿ ಬಂತು, ಅವರು ಗೋಡೆ ಬಿಟ್ಟು ನಡೆದರು.

ಇಂಥ ಅನಾಹುತವನ್ನು ತಾವು ಸಹಿಸಲಿಲ್ಲ. ಆದಿಲಕ್ಷ್ಮಿಯವರಿಗೆ ನೋಟಿಸು ಕೊಟ್ಟು, ವಾರ್ಡಿನಿಂದ ತೆಗೆದು, ಫೈಲು ಜೋಡಿಸುವ ಕೋಣೆಗೆ ಹಾಕಿದ್ದೀರಿ. ನ್ಯಾಯವಾಗಿ ನೋಡಿದರೆ ತಪ್ಪು ನಮ್ಮ ಹುಳುಗಳದ್ದು. ರಜಾದಿನ ಬಿಟ್ಟು, ತಮ್ಮ ಅಪ್ಪಣೆ ಪಡೆದೇ ಹಣ್ಣಾಗಬೇಕೆಂದು ಅವಕ್ಕೊಂದು ಸುತ್ತೋಲೆ ಕಳುಹಿಸಿ. ನಂದಕಿಶೋರ್ ಅವರ ಕಾಲುಗಳಿಂದಲೂ ಲಿಖಿತ ವಿವರಣೆ ಪಡೆಯಿರಿ.

ನನ್ನ ಇಷ್ಟ ಕೇಳಿದವರು ತಾವೊಬ್ಬರೇ ಆದ್ದರಿಂದ ತಮಗೇ ಹೇಳುತ್ತೇನೆ: ಆದಿಲಕ್ಷ್ಮಿಯವರು ವಾರ್ಡಿಗೆ ವಾಪಸು ಬರಬೇಕು. ಬರುವ ತನಕ ನಾನೂ ನಂದಕಿಶೋರ್ ಅವರೂ ದಿನವೂ ಆ ಫೈಲು ಕೋಣೆಯ ಮುಂದೆ ಕೂರುತ್ತೇವೆ.

ಇಂತು ತಮ್ಮ ವಿಶ್ವಾಸಿ,
(ತಮ್ಮ ದಾಖಲೆಯಂತೆ ಗೈರುಹಾಜರಾದ)
ಮುನಿಲಕ್ಷ್ಮಿ

ವಿ.ಸೂ.: ಮುಂದಿನ ಸರದಿಗೆ ನಾವು ರೋಗಿಗಳೆಲ್ಲ ವಾಟ್ಸಾಪ್ ಗುಂಪು ಮಾಡಿ, ಡಾಕ್ಟರನ್ನು ಕೇಳಿಯೇ ದಿನ ಹಂಚಿಕೊಂಡಿದ್ದೇವೆ. ತಮಗೂ ಯಾವತ್ತಾದರೂ ಹಾಸಿಗೆ ಬೇಕಾದರೆ ಸಂಕೋಚವಿಲ್ಲದೆ ತಿಳಿಸಿ. ಕೇಳಿದ ದಿನವನ್ನೇ ಕೊಡುವ ಕೆಟ್ಟ ಅಭ್ಯಾಸ ನಮಗಿದೆ.