ಬೈಗುಳವೇ ಅಳತೆಗೋಲು

ಕಳೆದ ದಸರಾ ರಜೆಗೆ ನನ್ನ ಸೋದರತ್ತೆಯ ಮೊಮ್ಮಗಳು ತಿ. ನರಸೀಪುರದಿಂದ ನಂಜನಗೂಡಿಗೆ ಬರಲಿಲ್ಲ. ಕಾರಣ, ಅತ್ತೆಯ ಕಲಾಜೀವನದ ಅತಿ ದೊಡ್ಡ ಯಶಸ್ಸು.

ಅತ್ತೆ ಶಾಲೆಯ ಬಿಸಿಯೂಟದ ಅಡುಗೆ ಕೆಲಸ ಬಿಟ್ಟು ಮನೆಯಲ್ಲಿದ್ದವರು. ನಮ್ಮ ಬೀದಿಯ ಹುಡುಗರು ಸೇರಿ ಯೂಟ್ಯೂಬಿಗೆ ಮಾಡುವ ವೆಬ್ ಸರಣಿಯಲ್ಲಿ, ಸೊಸೆಯನ್ನು ಗೋಳು ಹೊಯ್ದುಕೊಳ್ಳುವ ಕೆಟ್ಟ ಅತ್ತೆಯ ಪಾತ್ರ ಅವರಿಗೆ ಸಿಕ್ಕಿತು. ನಿರ್ದೇಶಕ ವ್ಯೂಸ್ ನೋಡುತ್ತಾನೆ, ಲೈಕ್ ನೋಡುತ್ತಾನೆ. ಅತ್ತೆಗೆ ಅವುಗಳಲ್ಲಿ ನಂಬಿಕೆಯಿಲ್ಲ.

"ಬೆರಳಲ್ಲಿ ಒತ್ತಕೇನು, ಕೂಸೂ ಒತ್ತುತ್ತೆ. ಎದುರ್ಗೆ ನಿಂತು ಉಗೀಬೇಕು ಕಣ್ಲಾ. ಆಗ ನೋಡವ್ರೆ ಅಂತ ಅರ್ಥ."

ಹೊಸ ಭಾಗ ಬಂದ ಮರುದಿನ ಉಗಿಸಿಕೊಳ್ಳಲೆಂದೇ ಪೇಟೆಗೆ ಹೊರಡುತ್ತಿದ್ದರು. ಮನೆಯಲ್ಲಿ ತರಕಾರಿ ಕೊಳೆಯುತ್ತಿದ್ದರೂ ತರಕಾರಿ ತರಲು! ಒಮ್ಮೆ ಹೂವಿನವಳು, ಮೊಳ ಹಾಕಲು ಎತ್ತಿದ ಕೈ ಇಳಿಸಿ, "ನಿನ್ ಮುಡಿಗೆ ನನ್ ಮಲ್ಲಿಗೆ ಬ್ಯಾಡ, ಓಗವ್ವ" ಎಂದಳು. ಅತ್ತೆ ಬರಿ ಮುಡಿಯಲ್ಲಿ, ಪ್ರಶಸ್ತಿ ಪಡೆದವರಂತೆ ಮನೆಗೆ ಬಂದರು.

ಇನ್ನೊಮ್ಮೆ ಬಸ್ಸಿನಲ್ಲಿ ಪಕ್ಕದ ಹೆಂಗಸು ದಿಟ್ಟಿಸಿ ನೋಡಿ, ತನ್ನ ಗಂಟು ಎತ್ತಿಕೊಂಡು ಎದ್ದಳು.

"ಸೊಸೆ ಸಾರಿಗೆ ವಿಷ ಆಕ್ದೋಳು ನೀನೇ ಅಲ್ವಾ?"

"ಇನ್ನೂ ಆಕಿಲ್ಲ ಕಣವ್ವ. ಪುಡಿ ಕೈಲದೆ ಅಷ್ಟೇ. ಮುಂದಿನ್ ವಾರ ನೋಡು."

ಮುಂದಿನ ವಾರ ಸರಣಿಯ ಸೊಸೆ ಸತ್ತಳು.

ಇಲ್ಲೊಂದು ವಿಷಯ ಹೇಳಬೇಕು. ಅತ್ತೆಯ ನಿಜವಾದ ಸೊಸೆ ಡೆಂಗಿ ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಆಸ್ಪತ್ರೆಯಲ್ಲಿ ಕೊನೆಯವರೆಗೂ ಬಳಿಯಿದ್ದವರು ಅತ್ತೆಯೇ. ಮಗ ಲಾರಿಯ ಮೇಲೆ ಊರೂರು ತಿರುಗುವವನು. ಹಾಗಾಗಿ ಮಗು ತಾಯಿಯ ತವರು ತಿ. ನರಸೀಪುರದಲ್ಲಿ ಬೆಳೆಯುತ್ತಿದೆ, ಅಜ್ಜಿಯ ಪಾಲಿಗೆ ರಜೆ ಮಾತ್ರ.

ದಸರಾಕ್ಕೆ ಕರೆಯಲು ಅತ್ತೆ ಫೋನ್ ಮಾಡಿದಾಗ ಮಗು ಕೇಳಿತು: "ಅಜ್ಜಿ, ನಮ್ಮಮ್ಮುಂಗೂ ನೀನೇ ಆಕಿದ್ದಾ?"

ಅತ್ತೆ ಇಷ್ಟು ದಿನ ಬಯಸಿದ್ದು ಹೀಗೆ ನಂಬುವ ಪ್ರೇಕ್ಷಕರನ್ನೇ ಅಲ್ಲವೇ? ಫೋನನ್ನು ನನ್ನ ಕೈಗಿಟ್ಟು ಒಳಗೆ ಹೋದರು. ಸಂಜೆ ನಿರ್ದೇಶಕ ಬಂದು, "ಅತ್ತೆಮ್ಮ, ಇಷ್ಟು ವ್ಯೂಸ್ ಯಾವತ್ತೂ ಬಂದಿರ್ಲಿಲ್ಲ" ಎಂದ.

ರಜೆ ಮುಗಿಯುವ ಮೊದಲು ಅತ್ತೆ ಒಂದು ಉಪಾಯ ಹೂಡಿದರು. ಸೊಸೆಯ ಪಾತ್ರ ಮಾಡಿದ ದೇವನೂರಿನ ಹುಡುಗಿಯನ್ನು ಬಸ್ಸು ಹತ್ತಿಸಿಕೊಂಡು ಬೀಗರ ಮನೆಗೆ ಹೊರಟರು. ಸಾಕ್ಷಿ ಬೇಕಲ್ಲ! ನಾನೂ ಜೊತೆಗಿದ್ದೆ. ದಾರಿಯ ಹೋಟೆಲಿನಲ್ಲಿ ಆ ಹುಡುಗಿ, "ಸತ್ತೋಳು ಇಡ್ಲಿ ತಿನ್ನೋದ ನೋಡ್ರಪ್ಪ" ಎಂದು ನಗಿಸಿದಳು. ಅತ್ತೆ ನಗಲಿಲ್ಲ.

ಬೀಗರ ಬಾಗಿಲಲ್ಲಿ ಮಗು ಹುಡುಗಿಯ ಕೈ ಮುಟ್ಟಿ ನೋಡಿತು. ಕೆನ್ನೆ ಮುಟ್ಟಿ ನೋಡಿತು.

"ನೋಡ್ದಾ ಮಗ, ಬದ್ಕವ್ಳೆ. ಅಜ್ಜಿ ಏನೂ ಮಾಡಿಲ್ಲ" ಎಂದರು ಅತ್ತೆ.

ಮಗು ನಮ್ಮ ಹಿಂದೆ, ಬೀದಿಯ ಕಡೆಗೆ ಕತ್ತು ಚಾಚಿತು. "ಅಮ್ಮುನ್ನೂ ಕರ್ಕಬಂದಿದ್ದೀಯಾ?"

ಅತ್ತೆ ಹೊಸ್ತಿಲ ಮೇಲೇ ಕೂತುಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಮಗು ತಾನಾಗಿ ಬಂದು ಅವರ ತೊಡೆಯೇರಿತು. ಬೀಗಿತ್ತಿ ಒಳಗಿನಿಂದ ಚಾಪೆ ತಂದು ಹಾಸಿದರು.

ಅತ್ತೆ ಇಂದಿನವರೆಗೂ ನಂಜನಗೂಡಿಗೆ ಮರಳಿಲ್ಲ. ಸರಣಿಯ ಮುಂದಿನ ಭಾಗ ಬಂದಿಲ್ಲ.